ಮಗ್ಗದ ಕುಣಿಯ ಮೇಲೊಂದು ವಿಶ್ವವಿದ್ಯಾಲಯ

ಬಾದಾಮಿಯ ಗುಹೆಗಳನ್ನು ಕೆತ್ತಿಸಿದವರು ಯಾರು ಎಂದು ನಮ್ಮ ಮನೆಯವರನ್ನು ಮಾತ್ರ ಕೇಳಬೇಡಿ. ಉತ್ತರ ಗೊತ್ತಿಲ್ಲವೆಂದಲ್ಲ. ಮೂವತ್ತೈದು ವರ್ಷ ಆ ಗುಹೆಗಳ ಮುಂದೆ ಗೈಡ್ ಆಗಿ ನಿಂತ ಮನುಷ್ಯನಿಗೆ ಗೊತ್ತಿರದೆ ಏನು! ಆದರೆ ಆ ಉತ್ತರ ನಿಮ್ಮ ಕಿವಿಗೆ ಬೀಳುವ ಹೊತ್ತಿಗೆ ನೀವು ಸಮುದ್ರ ದಾಟಿ, ಅಮೆರಿಕದ ಬ್ಯಾಪ್ಟಿಸ್ಟ್ ಎಂಬ ಕ್ರೈಸ್ತ ಪಂಥದವರ ಒಂದು ವಿಶ್ವವಿದ್ಯಾಲಯದ ಹಲಗೆಯ ಕೋಣೆಯಲ್ಲಿ ಕುಳಿತು, ಅದಕ್ಕೆ ಬೆಂಕಿ ಬಿದ್ದದ್ದನ್ನು ನೋಡಿ, ಅವರ ಒಡಕು ಗಂಟೆಯ ಹಿಂದೆ ಗುಡ್ಡ ಹತ್ತಿ ಇಳಿದು ಬಂದಿರುತ್ತೀರಿ. ಬಿಸಿಲು ನೆತ್ತಿಗೆ ಏರಿರುತ್ತದೆ. ಚಾಲುಕ್ಯರು ಪಾಪ, ತಮ್ಮ ಪಾಳಿ ಯಾವಾಗ ಬರುತ್ತದೋ ಎಂದು ಅಲ್ಲೇ ಹಿಂದೆ ಕಾಯುತ್ತ ನಿಂತಿರುತ್ತಾರೆ!

ಅವರ ಹೆಸರು ನಾನು ಹೇಳುವುದಿಲ್ಲ. ಗಂಡನ ಹೆಸರು ಹಿಡಿಯುವ ರೂಢಿ ನಮ್ಮ ಕಾಲದವರಿಗಿಲ್ಲ. ಅವರೂ ನನ್ನ ಹೆಸರು ಹಿಡಿದವರಲ್ಲ. "ಏ", "ಇಲ್ನೋಡು", "ಕೇಳಿಸ್ತೇನು" ಇವೇ ಐವತ್ತೆರಡು ವರ್ಷಗಳಿಂದ ನನಗಿರುವ ಹೆಸರುಗಳು.

ನಾನು ಇಳಕಲ್ಲಿನವಳು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಡಿಸಿ ನನ್ನನ್ನು ಮಗ್ಗಕ್ಕೆ ಕೂರಿಸಿದರು. ಹಾಗಾಗಿ ವಿಶ್ವವಿದ್ಯಾಲಯದೊಳಗೆ ಏನಿರುತ್ತದೆ ಎಂದು ನಾನು ಕಂಡವಳಲ್ಲ. ಆದರೆ ಈ ಒಂದು ವಿಶ್ವವಿದ್ಯಾಲಯ ಬುಡದಿಂದ ತುದಿಯ ತನಕ ನನಗೆ ಬಾಯಿಪಾಠ. ರೊಟ್ಟಿ ಬಡಿಯುವಾಗಲೂ ಕೇಳಿದ್ದೇನೆ, ಬಾಣಂತಿಯಾಗಿ ಮಲಗಿದ್ದಾಗಲೂ ಕೇಳಿದ್ದೇನೆ. ಬಾಣಂತಿಗೆ ಓಡಿಹೋಗಲು ಆಗುವುದಿಲ್ಲವಲ್ಲ!

ಈ ಹುಚ್ಚಿನ ಬೇರು ಅಲ್ಲಿಯ ಒಬ್ಬ ಮುದುಕ ಪ್ರೊಫೆಸರ್. ನಮ್ಮ ಮದುವೆಯಾದ ಎರಡನೆಯ ವರ್ಷ ಶಿಲ್ಪಗಳನ್ನು ನೋಡಲು ಬಂದು ಒಂದು ಚಳಿಗಾಲವಿಡೀ ಬಾದಾಮಿಯಲ್ಲಿ ಉಳಿದ. ಹಗಲು ಇವರು ಅವನಿಗೆ ಗುಹೆ ತೋರಿಸುವುದು, ಸಂಜೆ ಅವನು ಹೊಂಡದ ಮೆಟ್ಟಿಲ ಮೇಲೆ ಕುಳಿತು ಇವರಿಗೆ ತನ್ನ ವಿಶ್ವವಿದ್ಯಾಲಯದ ಕಥೆ ಹೇಳುವುದು. ಅವನಿಗೆ ಊರ ನೆನಪು, ಇವರಿಗೆ ಇಂಗ್ಲಿಷಿನ ಆಸೆ. ಅವನು ಹೋದ ಮೇಲೂ ಇಪ್ಪತ್ತು ವರ್ಷ ಪತ್ರಗಳು ಬಂದವು. ಕಥೆ ಬೆಳೆಯುತ್ತಲೇ ಹೋಯಿತು.

ಕಥೆ ಇಷ್ಟೇ. ಮೊದಲು ಹಲಗೆಯ ಒಂದೇ ಕೋಣೆ, ಒಂದು ಗಂಟೆ, ಇಬ್ಬರು ಪಾದ್ರಿಗಳು, ಏಳು ವಿದ್ಯಾರ್ಥಿಗಳು. ಮೊದಲು ಒಕ್ಕಲುತನ ಕಲಿಸಬೇಕೋ ಗ್ರೀಕ್ ಭಾಷೆ ಕಲಿಸಬೇಕೋ ಎಂದು ಪಾದ್ರಿಗಳಿಗೆ ಜಗಳ. ಒಬ್ಬ ನಾಲ್ವರನ್ನು ಕರೆದುಕೊಂಡು ಮರದ ಕೆಳಗೆ ಕುಳಿತ, ಇನ್ನೊಬ್ಬ ಮೂವರ ಜೊತೆ ಕೋಣೆಯಲ್ಲೇ ಉಳಿದ. ಆಮೇಲೆ ಬೆಂಕಿ ಬಿತ್ತು. ಕೋಣೆ ಹೋಯಿತು, ಗಂಟೆ ಬಿರುಕು ಬಿಟ್ಟಿತು. ಪಾದ್ರಿಗಳೂ ಏಳು ವಿದ್ಯಾರ್ಥಿಗಳೂ ಜಗಳ ಮರೆತು ಗಂಟೆ ಹೊತ್ತುಕೊಂಡು ಗುಡ್ಡ ಹತ್ತಿದರು. ಹುಡುಗಿಯರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಒಬ್ಬ ಹುಡುಗಿ ಎರಡು ವರ್ಷ ಕಿಟಕಿಯ ಹೊರಗೆ ನಿಂತು ಪಾಠ ಕೇಳಿದಳಂತೆ. ಕೊನೆಗೆ ಅವರೇ ನಾಚಿ ಒಳಗೆ ಕುರ್ಚಿ ಹಾಕಿದರಂತೆ. ಇಡೀ ವಿಶ್ವವಿದ್ಯಾಲಯದಲ್ಲಿ ನನಗೆ ಬೇಕಾದವಳು ಅವಳೊಬ್ಬಳೇ. ಎರಡು ವರ್ಷ ನಿಲ್ಲಿಸಿದವರಿಗೆ ಕುರ್ಚಿಯಿಂದಲೇ ಎರಡು ಬಾರಿಸಬೇಕಿತ್ತು, ಅದನ್ನು ಮಾಡಲಿಲ್ಲ ಎಂಬುದೊಂದೇ ಅವಳ ಮೇಲೆ ನನ್ನ ಸಿಟ್ಟು.

ಒಮ್ಮೆ ಹುನಗುಂದದ ಕಡೆಯ ಒಬ್ಬ ಮಾಸ್ತರರು ಮಕ್ಕಳನ್ನು ಗುಹೆ ನೋಡಲು ಕರೆತಂದರು. ಇವರೇ ಗೈಡ್. ಎಂಟು ದಿನ ಬಿಟ್ಟು ಅದೇ ಮಾಸ್ತರರು ಕೈಯಲ್ಲಿ ಒಂದು ಕಟ್ಟು ಹಾಳೆ ಹಿಡಿದು ನಮ್ಮ ಬಾಗಿಲಿಗೆ ಬಂದರು. ಇವರು ಮನೆಯಲ್ಲಿರಲಿಲ್ಲ. ಸಿಕ್ಕವಳು ನಾನು.

"ಏನ್ರಿ ಅಮ್ಮಾರ, ಬಾದಾಮಿಗಿ ಬೆಂಕಿ ಬಿದ್ದದ್ದು ಯಾವಾಗರಿ?"

"ಬೆಂಕಿನಾ? ಬಿದ್ದಿಲ್ಲಲ್ರಿ."

"ನಲವತ್ತು ಹುಡುಗರು ಬರದಾರ್ರಿ! ಪುಲಿಕೇಶಿ ಗಂಟಿ ಹೊತ್ಕೊಂಡು ಗುಡ್ಡ ಹತ್ತಿದ ಅಂತ ಬರದಾರ!"

ನಾನು ಚಹಾ ಕೊಟ್ಟೆ. ಮತ್ತೇನು ಕೊಡಲಿ?

ಸಂಜೆ ಇವರಿಗೆ ಹೇಳಿದರೆ ನಾಚಿಕೆಯಾಯಿತೇನು? "ನಲವತ್ತೂ ಮಂದಿ ಗಂಟಿ ನೆನಪಿಟ್ಟಾರ?" ಎಂದು ಕಣ್ಣರಳಿಸಿದರು!

ಇನ್ನು ಮಹಾಕೂಟದ ಕಥೆ. ಅಲ್ಲಿಯ ಹೊಂಡದಲ್ಲಿ ಮೀಯಲು ನಾವಿಬ್ಬರೂ ನನ್ನ ತಮ್ಮ ಸಂಗಪ್ಪನೂ ಹೋಗಿದ್ದೆವು. ನೀರು ಕಂಡಕೂಡಲೇ ಇವರಿಗೆ ಬ್ಯಾಪ್ಟಿಸ್ಟರ ನೆನಪು. ಆ ಮತದವರು ಕೂಸುಗಳಿಗೆ ನೀರು ಚಿಮುಕಿಸಿ ಸೇರಿಸಿಕೊಳ್ಳುವುದಿಲ್ಲವಂತೆ. ಬುದ್ಧಿ ಬೆಳೆದವರನ್ನು ಕೇಳಿ, ಅವರು ತಮ್ಮ ಬಾಯಿಂದಲೇ ಒಪ್ಪಿದ ಮೇಲೆ ಪೂರಾ ಮುಳುಗಿಸಿ ಎತ್ತುತ್ತಾರಂತೆ. ಹೆಸರು ಹಿಡಿದು ಕೇಳಬೇಕು, ಮೂರು ಸಲ ಕೇಳಬೇಕು. ಮೂರು ಎಂಬುದು ಪ್ರೊಫೆಸರ್ ಹೇಳಿದ್ದೋ ಇವರು ಸೇರಿಸಿದ್ದೋ, ಆ ದೇವರಿಗೇ ಗೊತ್ತು. ಹಣೆಯ ತುಂಬ ವಿಭೂತಿ ಬಳಿದುಕೊಂಡ ಈ ಮನುಷ್ಯ ಟೊಂಕದ ಮಟ್ಟದ ನೀರಿನಲ್ಲಿ ನಿಂತು, ಮೆಟ್ಟಿಲ ಮೇಲಿದ್ದ ನನ್ನ ತಮ್ಮನ ಕಡೆ ಕೈ ಚಾಚಿದರು.

"ಸಂಗಪ್ಪಾ, ಮುಳುಗಾಕ ನಿನ್ನ ಮನಸ್ಸು ಐತೇನು?"

"ಇಲ್ರಿ ಮಾಮಾ, ನನಗ ನೆಗಡಿ ಐತಿ."

"ಸಂಗಪ್ಪಾ, ಎರಡನೇ ಸಲ ಕೇಳಾಕತ್ತೇನಿ."

"ಅಕ್ಕಾ, ಇವರಿಗೆ ಏನರ ಹೇಳವಾ!"

"ಸಂಗಪ್ಪಾ, ಮೂರನೇ ಸಲ."

"ಬ್ಯಾಡಂದ್ರ ಬ್ಯಾಡ್ರಿ!"

ಸುತ್ತ ಜನ ಕೂಡಿದ್ದರು. ಇವರು ಅವರ ಕಡೆ ತಿರುಗಿದರು. "ನೋಡಿದ್ರಿಲ್ಲ? ಬ್ಯಾಡ ಅಂದ, ಮುಗೀತು. ಇನ್ನ ಇವನ್ನ ಯಾರೂ ಮುಳುಗಿಸೂ ಹಂಗಿಲ್ಲ. ಕೇಳದೆ ಯಾರನ್ನೂ ಮುಳುಗಿಸಬಾರದು. ಇಷ್ಟು ಸಣ್ಣ ಮಾತಿನ ಮ್ಯಾಲ ಅಷ್ಟು ದೊಡ್ಡ ವಿಶ್ವವಿದ್ಯಾಲಯ ನಿಂತೈತಿ!"

ಸಂಗಪ್ಪ ಸಿಟ್ಟಿನಿಂದ ಗಿರಕ್ಕನೆ ತಿರುಗಿದ. ಮೆಟ್ಟಿಲ ಮೇಲೆ ಪಾಚಿ. ಕಾಲು ಜಾರಿ ದೊಪ್ಪನೆ ಹೊಂಡಕ್ಕೆ ಬಿದ್ದ. ಮೂರು ಸಲ ಬೇಡವೆಂದು ಮುಳುಗಿದವನು ಈ ಭೂಮಿಯ ಮೇಲೆ ಅವನೊಬ್ಬನೇ ಇರಬೇಕು.

ಇಲ್ಲಿಯವರೆಗೆ ನಕ್ಕಿರಾ? ಸಾಕು ಮಾಡಿ. ಈಗ ನನ್ನ ಸಿಟ್ಟಿನ ಮಾತು.

ನಮ್ಮ ಮುಂದಿನ ಕೋಣೆಯಲ್ಲಿ ನನ್ನ ಕುಣಿಮಗ್ಗವಿತ್ತು. ನೆಲದಲ್ಲಿ ಟೊಂಕದಾಳ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕುಳಿತು ನೇಯುವ ಮಗ್ಗ. ನಾನು ಮದುವೆಯಾಗಿ ಬಂದ ವರ್ಷ ನನ್ನ ಅಪ್ಪ ಇಳಕಲ್ಲಿನಿಂದ ಅದನ್ನು ಚಕ್ಕಡಿಯಲ್ಲಿ ಹೇರಿಕೊಂಡು ಬಂದು, ತಾನೇ ಹಾರೆ ಹಿಡಿದು ಕುಣಿ ತೋಡಿ ಕೂರಿಸಿ ಹೋದ. ಸೀರೆಯ ಒಡಲಿಗೂ ಸೆರಗಿಗೂ ಎಳೆ ಎಳೆಯಾಗಿ ಕೊಂಡಿ ಹಾಕುತ್ತ ನನ್ನ ಕಣ್ಣು ಸವೆದದ್ದು ಆ ಕುಣಿಯಲ್ಲಿ. ಅತ್ತೆಯ ಮೇಲಿನ ಸಿಟ್ಟು ತುಳಿದದ್ದು ಆ ಕುಣಿಯಲ್ಲಿ. ಆರು ವರ್ಷದಿಂದ ಮೊಣಕಾಲು ಹಿಡಿದು ನೇಯುವುದು ನಿಂತಿದೆ, ಖರೆ. ಆದರೂ ದಿನಕ್ಕೊಮ್ಮೆ ಅದರಲ್ಲಿ ಕಾಲು ಬಿಟ್ಟು ಕೂರುತ್ತಿದ್ದೆ. ಯಾಕೆ ಎಂದು ಕೇಳಬೇಡಿ. ಯಾರೂ ಕೇಳಿಲ್ಲ.

ಹೋದ ವರ್ಷ ಸಂಗಪ್ಪನ ಮೊಮ್ಮಗಳ ತೊಟ್ಟಿಲಿಗೆಂದು ಎಂಟು ದಿನ ಇಳಕಲ್ಲಿಗೆ ಹೋದೆ. ಬಂದು ನೋಡುತ್ತೇನೆ, ಕುಣಿ ಇಲ್ಲ! ಮಣ್ಣು ತುಂಬಿ, ಬಡಿದು, ಸಾರಿಸಿ ಬಿಟ್ಟಿದ್ದಾರೆ. ಮಗ್ಗದ ಕಟ್ಟಿಗೆ ಬಚ್ಚಲ ಹಿಂದೆ. ನೆಲದ ತುಂಬ ಸುಣ್ಣದ ಗೆರೆ, ಗೋಡೆಯ ತುಂಬ ಪ್ರೊಫೆಸರನ ಪತ್ರ.

"ಇದೇನ್ರಿ?"

"ವಿಶ್ವವಿದ್ಯಾಲಯದ ನಕಾಶೆ! ಬಂದವರಿಗೆ ಕೂಡ್ರಿಸಿ ತೋರಸಾಕ ಬರ್ತದ. ಇಲ್ಲಿ ಗಂಟಿ. ಅಲ್ಲಿ ಆ ಹುಡುಗಿ ನಿಂತ ಕಿಟಕಿ. ಗ್ರಂಥಾಲಯ ಸರಿಯಾಗಿ ನಿನ್ನ ಕುಣಿ ಮ್ಯಾಲ ಬಂತು ನೋಡು."

ಮೈಯೆಲ್ಲ ಉರಿದುಹೋಯಿತು. "ನನ್ನ ಒಂದ್ ಮಾತ ಕೇಳಿದ್ರೇನು?"

"ನೀ ನೇಯೂದು ಬಿಟ್ಟೀಯಲ್ಲ?"

"ಕೇಳಿದ್ರೇನು ಅಂತೇನಿ! ನೆಗಡಿ ಬಂದ ನನ್ನ ತಮ್ಮನ್ನ ಮೂರು ಸಲ ಕೇಳಿದ್ರಿ. ಊರಿಗೆಲ್ಲ ಸಾರಿದ್ರಿ, ಕೇಳದೆ ಯಾರನ್ನೂ ಮುಳುಗಿಸಬಾರದು ಅಂತ. ನನ್ನ ಕುಣಿ ಮುಚ್ಚಾಕ ನನ್ನ ಒಂದು ಸಲ ಕೇಳಾಕ ನಿಮ್ಮ ಬಾಯಿಗೆ ಏನಾಗಿತ್ತು?"

ಅವರು ಬಗ್ಗಿ ಸುಣ್ಣದ ಗೆರೆಯೊಂದನ್ನು ಬೆರಳಿನಿಂದ ತಿದ್ದತೊಡಗಿದರು. ಅವತ್ತಿನಿಂದ ನಾನು ಮಾತು ಬಿಟ್ಟೆ. ತಾಟಿಗೆ ರೊಟ್ಟಿ ಬೀಳುತ್ತಿತ್ತು, ಮಾತು ಬೀಳುತ್ತಿರಲಿಲ್ಲ. "ಹೋಗ್ಲಿ ಬಿಡ್ರಿ ಅತ್ತಿ, ಮುಚ್ಚಿದ್ದು ಒಂದು ಕುಣಿ" ಎಂದಳು ಸೊಸೆ. "ನಾಳೆ ನಿನ್ನ ಒಲಿ ಕಿತ್ತು ಅಲ್ಲಿ ಗಂಟಿ ಕಟ್ತಾರ, ಆಗ ನೀ ಹೋಗ್ಲಿ ಬಿಡು ಅನ್ನವಾ" ಎಂದೆ. ಮದುವೆಗೆ ನನ್ನನ್ನು ಯಾರೂ ಕೇಳಿರಲಿಲ್ಲ. ಶಾಲೆ ಬಿಡಿಸುವಾಗಲೂ ಕೇಳಲಿಲ್ಲ. ಅವೆಲ್ಲ ಗೊತ್ತಿಲ್ಲದವರು ಮಾಡಿದ್ದು, ಹಾಳಾಗಲಿ. ಇವರಿಗೆ ಗೊತ್ತಿತ್ತಲ್ಲ!

ಎರಡು ತಿಂಗಳು ಹೀಗೆಯೇ ಹೋಯಿತು. ಒಂದು ಮುಂಜಾನೆ ಮುಂದಿನ ಕೋಣೆಯಿಂದ ಧಡ್ ಧಡ್ ಎಂದು ಹಾರೆಯ ಸಪ್ಪಳ. ಹೋಗಿ ನೋಡಿದೆ. ಎಪ್ಪತ್ತಾರರ ಮುದುಕ ಮೈಯೆಲ್ಲ ಕೆಂಪು ಮಣ್ಣು ಮಾಡಿಕೊಂಡು, ಗ್ರಂಥಾಲಯ ಒಡೆದು, ಟೊಂಕದ ತನಕ ಕುಣಿಯಲ್ಲಿ ನಿಂತಿದ್ದಾರೆ.

"ಏನ್ ನಡಸೀರಿ?" ಎರಡು ತಿಂಗಳ ಮೇಲೆ ಅದೇ ನನ್ನ ಮೊದಲ ಮಾತು.

ಅವರು ಹಾರೆ ಒರಗಿಸಿದರು. ಗಂಟಲು ಸರಿಮಾಡಿಕೊಂಡರು.

"ನೀಲವ್ವಾ" ಎಂದರು.

ನಾನು ಹಿಂದೆ ತಿರುಗಿ ನೋಡಿದೆ, ಯಾರನ್ನು ಕರೆಯುತ್ತಾರೋ ಎಂದು!

"ನೀಲವ್ವಾ, ಈ ಕುಣಿ ತಿರುಗಿ ತೆಗಿಯಾಕ ನಿನ್ನ ಮನಸ್ಸು ಐತೇನು?"

"ಟೊಂಕದ ಮಟ ತೆಗದ ಮ್ಯಾಲ ಕೇಳ್ತೀರಲ್ಲ, ಬುದ್ಧಿ ಐತೇನು ನಿಮಗ?"

"ಮುಚ್ಚೂಮುಂದ ಕೇಳಲಿಲ್ಲ, ತಪ್ಪಾತು. ನೀಲವ್ವಾ, ಎರಡನೇ ಸಲ ಕೇಳಾಕತ್ತೇನಿ."

"ನನ್ನ ಕಡಿಂದ ನೇಯಾಕ ಆಗೂದಿಲ್ಲ ಈಗ."

"ನೇಯೂದು ಬಿಡೂದು ನಿಂದು. ಕುಣೀನೂ ನಿಂದು. ನೀಲವ್ವಾ, ಮೂರನೇ ಸಲ."

"ಹೂಂ" ಎಂದೆ. ನನ್ನ ಬಾಯಿಂದಲೇ ಎಂದೆ.

ಅಲ್ಲಿಗೆ ಮುಗಿಯಿತೇ? ತೋಡಿದ್ದೇನೋ ತೋಡಿದರು, ಮೇಲೆ ಬರಲು ಆಗಬೇಕಲ್ಲ! ಒಂದು ಕಾಲು ಎತ್ತಿದರೆ ಇನ್ನೊಂದು ನಡುಗುತ್ತದೆ. ನನ್ನ ಕಡೆ ಕೈ ಚಾಚಿದರು. ಹಿಡಿಯಲು ಬಾಗಿದವಳು ಕೈ ಹಿಂದೆ ತೆಗೆದೆ. ಕೇಳದೆ ಮುಳುಗಿಸಬಾರದು ಎಂದ ಮೇಲೆ ಕೇಳದೆ ಎತ್ತಬಹುದೇ? ಕೇಳುವುದಾದರೆ ಮೊದಲು ಹೆಸರು ಹಿಡಿಯಬೇಕು.

ಅಡಿಗೆಮನೆಯ ಕಡೆ ನೋಡಿದೆ. ಸೊಸೆ ಬೆನ್ನು ತಿರುಗಿಸಿ ರೊಟ್ಟಿ ಬಡಿಯುತ್ತಿದ್ದಳು. ಕುಣಿಯ ಅಂಚಿಗೆ ಕುಳಿತು, ಬಾಗಿ, ಅವರ ಹೆಸರು ಹಿಡಿದೆ. "ಮ್ಯಾಲ ಬರಾಕ ನಿಮ್ಮ ಮನಸ್ಸು ಐತೇನು?" ಎಂದೆ.

ಅವರು ಮಣ್ಣು ಮೆತ್ತಿದ ಮುಖವೆತ್ತಿ ನನ್ನನ್ನೇ ನೋಡಿದರು. ಗಂಟೆ, ಬೆಂಕಿ, ಪಾದ್ರಿ, ಪ್ರೊಫೆಸರ್ ಎಲ್ಲ ಮರೆತುಹೋದವರ ಹಾಗೆ ಇತ್ತು ಮುಖ.

"ಮೂರು ಸಲ ಕೇಳಬೇಕು" ಎಂದರು ಮೆಲ್ಲಗೆ.

ಮೂರು ಸಲ ಕೇಳಿದೆ. ಹೆಸರು ಯಾವುದು ಎಂದು ನಿಮಗೆ ಹೇಳುವುದಿಲ್ಲ. ನೀವೇನು ಕುಣಿಯಲ್ಲಿ ನಿಂತಿಲ್ಲವಲ್ಲ.