ಓಣಿಯ ಹೆಣ್ಣುಮಕ್ಕಳ ಓಟು

ನಗರಸಭೆಯವರು ಶಹಾಪುರದ ಆ ಓಣಿಗೆ ಆಳೆತ್ತರದ ಕಸದ ಡಬ್ಬಿಯೊಂದನ್ನು ಇಳಿಸಿ ಹೋದಾಗಿನಿಂದ ಹಂಪಣ್ಣನಿಗೆ ಗಂಟಲಲ್ಲಿ ರೊಟ್ಟಿ ಇಳಿಯುತ್ತಿರಲಿಲ್ಲ. ಅದು ಎಲ್ಲಿ ಕೂರಬೇಕೆಂದು ಹೇಳುವವನು ಓಣಿ ಸಂಘದ ಅಧ್ಯಕ್ಷ. ಇವತ್ತೇ ಸಂಜೆ ಅಧ್ಯಕ್ಷನ ಆಯ್ಕೆ. ಎದುರಾಳಿ, ಕಿರಾಣಿ ಅಂಗಡಿಯ ಶಿವರಾಜ, ಬೆಳಿಗ್ಗೆಯೇ ಸಾರಿಬಿಟ್ಟಿದ್ದ: “ನಾ ಆರಿಸಿ ಬಂದ್ರ ಡಬ್ಬಿ ಸೀದಾ ಹಂಪಣ್ಣನ ಖಾನಾವಳಿ ಮುಂದ!”

ಡಬ್ಬಿ ಪಕ್ಕ ಕೂತು ಯಾರು ಉಣ್ಣುತ್ತಾರೆ? ಸಂಘದಲ್ಲಿ ಗಂಡಸರಿಗಷ್ಟೇ ಓಟು. ಅರ್ಧ ಇವನ ಕಡೆ, ಅರ್ಧ ಅವನ ಕಡೆ. ಹೆಣ್ಣುಮಕ್ಕಳಿಗೂ ಓಟು ಬಂದರೆ? ಹಂಪಣ್ಣನ ಕಣ್ಣು ಅರಳಿತು. ತನ್ನ ಮನೆಯಲ್ಲಿ ಹೆಂಡತಿ ಕಸ್ತೂರಿ, ಮೂವರು ತಮ್ಮಂದಿರ ಹೆಂಡಂದಿರು. ಮದುವೆಯಾಗದ ಶಿವರಾಜನ ಮನೆಯಲ್ಲಿ ಅವನವ್ವ ಅನ್ನಮ್ಮ ಒಬ್ಬಳೇ!

ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವ ನೆರೆಮನೆಯ ಸುಮಂಗಲಾ ಟೀಚರ್ ಹತ್ತಿರ ಓಡಿದ. ಪಾಠ ಬಾಯಿಗೆ ಬರುವತನಕ ಎದ್ದು ಬರಲಿಲ್ಲ.

ಸಂಜೆ ಸಂಘದ ಸಭೆಯಲ್ಲಿ, ಮಲಗಿದ ಬುದ್ಧನಂತೆ ಕಾಣುವ ಊರ ಗುಡ್ಡಕ್ಕೆ ಎದುರಾಗಿ ಕಟ್ಟೆಯ ಮೇಲೆ ನಿಂತು ಗುಡುಗಿದ: “ನ್ಯೂಜಿಲೆಂಡ್‌ನಾಗ ನೂರಾ ಮೂವತ್ತು ವರ್ಷದ ಹಿಂದ ಹೆಣ್ಮಕ್ಳು ಓಟು ಹಾಕ್ಯಾರ! ಇಂಗ್ಲೆಂಡ್‌ನಾಗ ಕಂಬಿಗಿ ಸರಪಳಿ ಬಿಗಕೊಂಡು ಜೈಲಿಗಿ ಹೋಗ್ಯಾರ, ಉಪಾಸ ಬಿದ್ದಾರ! ನಮ್ಮ ಓಣಿ ಹೆಣ್ಮಕ್ಳು ಏನ್ ಪಾಪ ಮಾಡ್ಯಾರ್ರಿ?”

ಹೆಂಗಸರ ಚಪ್ಪಾಳೆಗೆ ಮಲಗಿದ್ದ ನಾಯಿ ಎದ್ದು ಓಡಿತು. ಗಂಡಸರು ರಾತ್ರಿಯ ಊಟ ನೆನೆದು ಗೋಣು ಹಾಕಿದರು.

ಆಗ ಸುಮಂಗಲಾ ಟೀಚರ್ ಎದ್ದರು. “ದೇಶದ ಮೊದಲ ಚುನಾವಣಿಯೊಳಗ ಎಷ್ಟೋ ಹೆಣ್ಮಕ್ಳು ತಮ್ಮ ಹೆಸರು ಹೇಳ್ದೆ ‘ಇಂಥವರ ಹೆಂಡ್ತಿ’ ಅಂದಿದ್ಕ ಓಟು ಕಳಕೊಂಡ್ರು. ಇಲ್ಲಿ ಹಂಗಾಗಬಾರ್ದು. ಎದ್ದು ನಿಂತು ನಿಮ್ಮ ಹೆಸರು ಹೇಳ್ರಿ. ಯಾರಿಗಿ ಓಟು, ಅವರ ಹೆಸರೂ ಜೋರಾಗಿ ಹೇಳ್ರಿ.”

“ಶಭಾಷ್!” ಅಂದ ಹಂಪಣ್ಣ.

“ನಾ ಅನ್ನಮ್ಮ. ಓಟು ನನ್ನ ಮಗ ಶಿವರಾಜಗ!”

ಹಂಪಣ್ಣನ ದೊಡ್ಡ ತಮ್ಮನ ಹೆಂಡತಿ ಎದ್ದಳು. “ನಾ ಮಲ್ಲೇಶ್ವರಿ. ಓಟು... ನಮ್ಮ ಭಾವೋರಿಗಿ.”

“ಹೆಸರು ಹೇಳವ್ವ, ಹೆಸರು!” ಎಂದ ಶಿವರಾಜ.

“ಅಯ್ಯ, ಭಾವನ ಹೆಸರು ಬಾಯಾಗ ಹಿಡೀಲೇನು? ನನಗೇನ್ ಹುಚ್ಚು ಹಿಡದದ?” ಸೆರಗೆಳೆದುಕೊಂಡು ಕೂತೇಬಿಟ್ಟಳು. ಉಳಿದಿಬ್ಬರು ವಾರಗಿತ್ತಿಯರೂ ಹಾಗೇ ಕೂತರು.

“ಮೂರೂ ರದ್ದು!” ಶಿವರಾಜ ಕುಣಿದ.

ಓಣಿಯ ಉಳಿದವರ ಓಟನ್ನೆಲ್ಲ ಸೇರಿಸಿದರೆ ಸಮ-ಸಮ. ಬಾಕಿ ಕಸ್ತೂರಿ ಒಬ್ಬಳೇ.

“ಏ ಕಸ್ತೂರಿ, ಒಂದ್ ಸಲ ಅಂದ್ಬಿಡೇ!” ಹಂಪಣ್ಣನ ದನಿ ನೆನೆದ ಬೆಕ್ಕಿನಂತಾಗಿತ್ತು.

“ಗಂಡನ ಹೆಸರು ಬರೇ ಹೇಳಂದ್ರ ಹೆಂಗ್ರಿ? ಮದಿವ್ಯಾಗ ಹೇಳ್ದಂಗ ಒಡಪು ಕಟ್ಟಿ ಹೇಳ್ತೀನಿ.” ಕಸ್ತೂರಿ ಗಂಟಲು ಸರಿಮಾಡಿಕೊಂಡಳು. “ನಾ ಕಸ್ತೂರಿ. ಬುದ್ಧ ಮಲಗಿದ ಗುಡ್ಡಕ್ಕ ಬೆಳದಿಂಗಳ ಬಣ್ಣ, ಖಡಕ್ ರೊಟ್ಟಿಗಿ ಸವರೇನಿ ಬೆಣ್ಣಿ ಸಣ್ಣ, ನನ್ನ ಓಟು ಒಯ್ಯೋ ರಾಯರು ಹಂಪಣ್ಣ!”

ಓಣಿಗೆ ಓಣಿಯೇ ಕೇಕೆ ಹಾಕಿತು. ಕೊರಳಿಗೆ ಮಾಲೆ ಬಿದ್ದದ್ದೇ ತಡ, ಹಂಪಣ್ಣ ಮೀಸೆ ತಿರುವಿದ: “ಮೊದಲನೇ ಹುಕುಂ! ಡಬ್ಬಿ ಶಿವರಾಜನ ಅಂಗಡಿ ಮುಂದ!”

ಕಸ್ತೂರಿ ಇನ್ನೂ ಕೂತಿರಲಿಲ್ಲ. “ತಡೀರಿ ಅಧ್ಯಕ್ಷರೇ. ನಮಗೂ ಓಟು ಬಂತಲ್ಲ, ಇದನ್ನೂ ಓಟಿಗಿ ಹಾಕ್ರಿ. ಓಣಿ ಕಸದಾಗ ಅರ್ಧ ನಿಮ್ಮ ಖಾನಾವಳಿದೇ. ದಿನಾ ಎಂಜಲ ಬುಟ್ಟಿ ಹೊತ್ತು ಓಣಿ ತುದಿತನಾ ಹೋಗಾಕತ್ತೋರು ನಾವು ನಾಲ್ಕು ಮಂದಿ, ನೀವಲ್ಲ. ಡಬ್ಬಿ ಖಾನಾವಳಿ ಮುಂದ ಇರ್ಲಿ ಅನ್ನೋರು ಕೈ ಎತ್ರಿ!”

ಕೈ ಎತ್ತಲು ಯಾರ ಹೆಸರೂ ಹಿಡಿಯಬೇಕಿರಲಿಲ್ಲ. ಮಲ್ಲೇಶ್ವರಿಯೂ ವಾರಗಿತ್ತಿಯರೂ ಎರಡೆರಡು ಕೈ ಎತ್ತಿದರು. ಅವರ ಹಿಂದೆ ಓಣಿಯ ಬಳೆಗಳೆಲ್ಲ ಝಲ್ಲೆಂದವು.

“ಟೀಚರ್,” ಹಿಂದಿನಿಂದ ಶಿವರಾಜನ ವಿನಯದ ದನಿ ಕೇಳಿತು, “ಇದ್ರಾಗ ಗಂಡಸರಿಗೂ ಓಟು ಅದ ಏನ್ರಿ?”