ಅರ್ಧ ಬಾನೆಟ್ಟಿನ ಹೊಳಪು

ನಮ್ಮ ಸೋದರಮಾವ ಕಾರು ಕೊಂಡದ್ದು ಓಡಿಸುವುದಕ್ಕಲ್ಲ, ಒರೆಸುವುದಕ್ಕೆ! ಸುಮ್ಮನೆ ಅಪವಾದ ಹೊರಿಸುತ್ತಿದ್ದೇನೆ ಎಂದುಕೊಳ್ಳಬೇಡಿ. ಜಾವಳಿಯಲ್ಲಿ ಯಾರ ಬಳಿಯಾದರೂ ಅವರ ಮನೆ ಕೇಳಿ ನೋಡಿ. "ಒರೆಸ್ತಾ ಇರ್ತಾರಲ್ಲ, ಅವ್ರಾ?" ಎಂದು ಕೇಳಿಯೇ ದಾರಿ ತೋರಿಸುತ್ತಾರೆ.

ಇದೇ ಮನುಷ್ಯ ಅದಕ್ಕೂ ಮೊದಲು ಎಸ್ಟೇಟಿನ ಜೀಪು ಓಡಿಸುತ್ತಿದ್ದರು. ಆ ಜೀಪಿನ ಬಣ್ಣ ಯಾವುದು ಎಂದರೆ "ಕೆಸರು" ಎನ್ನುತ್ತಿದ್ದರು. ಎಸ್ಟೇಟಿನ ಯಜಮಾನರು ಹೊಸ ಕಾರು ತಂದಾಗ ತಮ್ಮ ಹಳೆಯ ಪುಟ್ಟ ಕೆಂಪು ಕಾರನ್ನು ಮಾವನಿಗೆ ಕಡಿಮೆ ಬೆಲೆಗೆ ಬಿಟ್ಟುಕೊಟ್ಟರು. ಅಂದಿನಿಂದ ಮಾವನಿಗೆ ಏನು ಹಿಡಿಯಿತೋ! ಅಂಗಿಯ ಗುಂಡಿ ತಾಗಿ ಗೀರು ಬಿದ್ದೀತೆಂದು ಅದನ್ನು ಬಿಚ್ಚಿಟ್ಟೇ ಒರೆಸಲು ನಿಲ್ಲುತ್ತಿದ್ದರು. ಮದುವೆಯ ಉಂಗುರವನ್ನೂ ಕಳಚಿ ಅತ್ತೆಯ ಅಂಗೈಗೆ ಹಾಕುತ್ತಿದ್ದರು. ಮನೆಯ ಒಳ್ಳೆಯ ಕಂಬಳಿ ಕಾರಿಗೆ, ಹರಕು ಕಂಬಳಿ ನೆಂಟರಿಗೆ!

ಒರೆಸಿ ಮುಗಿದ ಮೇಲೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಬಾನೆಟ್ಟನ್ನೇ ನೋಡುತ್ತಿದ್ದರು. ಆ ಕೆಂಪಿನೊಳಗೆ ತೋಟದ ಸಿಲ್ವರ್ ಓಕ್ ಮರಗಳು ತಲೆಕೆಳಗಾಗಿ ತೂಗುತ್ತಿದ್ದವು. ಮೋಡಗಳು ಒಂದು ಹೆಡ್‌ಲೈಟಿನಿಂದ ಇನ್ನೊಂದರ ಕಡೆಗೆ ಯಾವ ಅವಸರವೂ ಇಲ್ಲದೆ ಸಾಗುತ್ತಿದ್ದವು. ಕಾಫಿ ಹೂವಿನ ವಾಸನೆಗೆ ಅರ್ಧ ಕಣ್ಣು ಮುಚ್ಚಿಕೊಂಡು ಮಾವ ಹೇಳುತ್ತಿದ್ದರು: "ನೋಡೇ, ಆಕಾಶವೇ ನಮ್ ಕಾರಲ್ಲಿ ಕೂತು ಹೋಗ್ತಾ ಇದೆ."

ಒಳಗಿನಿಂದ ಅತ್ತೆಯ ದನಿ: "ಆಕಾಶಕ್ಕೂ ಕಾಫಿ ಬೇಕಾ ಕೇಳಿ!"

ಇಂಥ ಮನುಷ್ಯನ ಕಿವಿಗೆ, ಎರಡು ಸಾವಿರದ ಇಸವಿಯ ಆಚೀಚೆ, ಟೆಫ್ಲಾನ್ ಕೋಟಿಂಗ್ ಎಂಬ ಮಾತು ಬಿತ್ತು. ಬಣ್ಣದ ಮೇಲೆ ಕಣ್ಣಿಗೆ ಕಾಣದ ಒಂದು ಪದರ ಹಚ್ಚುತ್ತಾರಂತೆ. ನೀರು ನಿಲ್ಲುವುದಿಲ್ಲವಂತೆ, ಹೊಳಪು ಮಾಸುವುದಿಲ್ಲವಂತೆ. ಮಾಡಿಸಬೇಕೋ ಬೇಡವೋ? ತೀರ್ಪಿಗೆ ನನ್ನ ಬಳಿ ಬಂದರು. ಬರದೆ ಇನ್ನೆಲ್ಲಿಗೆ ಹೋದಾರು? ಕೊಯ್ಲಿನ ಕಾಲದಲ್ಲಿ ಕಾಫಿ ಹಣ್ಣು ಕೊಯ್ದು, ಬಣಕಲ್ಲಿನಿಂದ ಕಾಲೇಜಿಗೆ ಬಸ್ಸಿನಲ್ಲಿ ನಿಂತುಕೊಂಡೇ ಓಡಾಡಿ, ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಆ ಹೆಮ್ಮೆಯನ್ನು ನಾನು ಮುಚ್ಚಿಡುವುದಿಲ್ಲ. ಆದರೆ ನಮ್ಮವರ ಲೆಕ್ಕದಲ್ಲಿ ಬಿಎಸ್ಸಿ ಎಂದರೆ ಕೋಳಿಯ ಕಾಯಿಲೆಯಿಂದ ಹಿಡಿದು ಟೀವಿಯ ಆಂಟೆನಾದವರೆಗೆ ಎಲ್ಲಕ್ಕೂ ಮದ್ದು!

"ಕೆಮಿಸ್ಟ್ರಿ ಓದಿದವಳು ನೀನು. ಹೇಳು, ಲಾಭ ಇದೆಯಾ?"

"ಅದಕ್ಕೆ ಏನೂ ಅಂಟಲ್ಲ ಮಾವ. ನಾನು ತಂದುಕೊಟ್ಟ ದೋಸೆ ಕಾವಲಿಗೆ ಹಚ್ಚಿರೋದೂ ಅದೇ."

ಹೇಳಬಾರದಿತ್ತು. ಆ ಕಾವಲಿಯ ಕಪ್ಪನ್ನು ಒಲೆಯ ಮಸಿ ಎಂದುಕೊಂಡ ಅತ್ತೆ, ಬೂದಿ ಹಾಕಿ, ತೆಂಗಿನ ನಾರು ಹಿಡಿದು, ಕಪ್ಪು ಬಿಡುವ ತನಕ ತಿಕ್ಕಿದ್ದರು. ಈಗ ಅದು ಬೆಳ್ಳಗೆ ಮಿರುಗುತ್ತಿತ್ತು. ಹೊಯ್ದ ದೋಸೆ ಮಾತ್ರ ಮೇಲೇಳುತ್ತಿರಲಿಲ್ಲ!

"ಅಂಗಡಿಯವ ಮಸಿ ಹಿಡಿದದ್ದನ್ನ ಕೊಟ್ಟು ಕಳಿಸಿದ್ದ ಕಣೇ ನಿಂಗೆ. ನಾನು ಹೊಸದು ಮಾಡಿಟ್ಟೆ" ಎಂದರು ಅತ್ತೆ.

ಮಾವ ಕಾವಲಿಯನ್ನೊಮ್ಮೆ, ಕಾರನ್ನೊಮ್ಮೆ ನೋಡಿದರು. "ಇವಳು ಬೂದಿ ಹಿಡ್ಕೊಂಡು ಅಂಗಳಕ್ಕೆ ಇಳೀದ ಹಾಗೆ ನೋಡ್ಕೋಬೇಕು."

ನನ್ನನ್ನೂ ಕರೆದುಕೊಂಡು ಚಿಕ್ಕಮಗಳೂರಿನ ಕೋಟಿಂಗ್ ಅಂಗಡಿಗೆ ಹೊರಟಾಗ ಮಾವನ ಕೈಯಲ್ಲೊಂದು ಕೆಸುವಿನ ಎಲೆ. ಅಂಗಡಿಯವನು ಕೋಟಿಂಗ್ ಮಾಡಿದ ಕಾರೊಂದರ ಮೇಲೆ ನೀರು ಚಿಮುಕಿಸಿ, "ಹೇಗೆ ಜಾರ್ತದೆ ನೋಡಿ ಸಾರ್" ಎಂದ. ಮಾವ ಎಲೆಯನ್ನು ಬಿಡಿಸಿ ಅದೇ ನೀರನ್ನು ಅದಕ್ಕೂ ಹನಿಸಿದರು. ಹನಿಗಳು ಮುತ್ತಾಗಿ, ಒಂದನ್ನೊಂದು ಕೂಡಿಕೊಂಡು, ಬೆಳಕನ್ನು ಹೊತ್ತು ಉರುಳಿಹೋದವು.

"ನಿಮ್ದು ಇಷ್ಟು ಜಾರಲ್ವಲ್ಲ!"

"ಹಾಗಾದ್ರೆ ಕಾರಿಗೆ ಎಲೆನೇ ಸುತ್ಕೊಂಡು ಹೋಗಿ ಸಾರ್."

"ಸುತ್ತಿ ಎಂತ, ಪತ್ರೊಡೆ ಬೇಯಿಸ್ಲಿಕ್ಕಾ?"

ನಗು ತಗ್ಗಿದ ಮೇಲೆ ಅಂಗಡಿಯವನು, "ಹಳೇ ಕಾರಿಗೆ ಇಷ್ಟೆಲ್ಲ ಯಾಕೆ ಸಾರ್?" ಎಂದು ಕೇಳಿದ.

ಮಾವ ಎಲೆಯನ್ನು ಮಡಚುತ್ತ ಹೇಳಿದರು: "ನಮ್ಮನೆಯವಳಿಗೆ ಕಣ್ಣು ಮಂಜಾಗ್ತಾ ಇದೆ ಮಾರಾಯ. ಆಪರೇಷನ್ನಿಗೂ ಬಗ್ಗಲ್ಲ ಅಂದ್ರು ಡಾಕ್ಟ್ರು. ಮುಖ ಗುರುತು ಸಿಗಲ್ಲ, ಹೊಳೆಯೋದು ಮಾತ್ರ ಕಾಣ್ತದೆ. ಗದ್ದೆ ಆಚೆ ತಿರುವಲ್ಲಿ ಕಾರು ಹೊಳೆದ್ರೆ ನಾನು ಬಂದೆ ಅಂತ ಒಲೆ ಮೇಲೆ ನೀರಿಡ್ತಾಳೆ. ಈ ಬಣ್ಣವೂ ಮಾಸಿಹೋದ್ರೆ..."

ಅತ್ತೆ ಕಾವಲಿಯನ್ನು ಏಕೆ ಹಾಗೆ ತಿಕ್ಕಿದರೆಂದು ನನಗೆ ಆಗ ಅರ್ಥವಾಯಿತು.

ಆದರೂ ಮಾವ ಮಾವನೇ! "ಅರ್ಧ ಬಾನೆಟ್ಟಿಗೆ ಮಾಡಿ. ಒಂದು ಮಳೆಗಾಲ ನೋಡ್ತೇನೆ."

"ಅರ್ಧ ಗಡ್ಡ ಬೋಳಿಸ್ಕೊಂಡು ನೆಂಟರ ಮನೆಗೆ ಹೋಗ್ತೀರಾ ಸಾರ್?"

"ಮತ್ತೆ, ಬೋಳಿಸಿದ್ದು ಚೆಂದವೋ ಬಿಟ್ಟದ್ದು ಚೆಂದವೋ ಗೊತ್ತಾಗೋದು ಹೇಗೆ?"

ವಿಜ್ಞಾನ ಓದಿದ ನಾನು ಒಪ್ಪಲೇಬೇಕಾಯಿತು. ಪ್ರಯೋಗವೆಂದರೆ ಹೀಗೇ ಇರಬೇಕು. ಆ ಮಳೆಗಾಲವಿಡೀ ಕಾರಿಗೆ ಕಂಬಳಿ ಇಲ್ಲ! ಮಾವ ಕೊಡೆ ಹಿಡಿದು ಅದರ ಮುಂದೆ ನಿಂತು, ಎಡಗಡೆಯ ಹನಿ ಏನು ಮಾಡುತ್ತದೆ, ಬಲಗಡೆಯ ಹನಿ ಏನು ಮಾಡುತ್ತದೆ ಎಂದು ಕನಸಿನಲ್ಲಿರುವವರಂತೆ ನೋಡುತ್ತಿದ್ದರು.

ಮಳೆ ಹಿಂದೆಗೆದು ಬಿಸಿಲು ಬಿದ್ದ ಮೊದಲ ಬೆಳಿಗ್ಗೆಯೇ ಪರೀಕ್ಷೆ. ಮಾವ ಮೂಡಿಗೆರೆ ರಸ್ತೆಯಲ್ಲಿ ಒಂದಿಷ್ಟು ದೂರ ಹೋಗಿ ಮರಳಿ ಬರುವುದು. ಅತ್ತೆ ಮತ್ತು ನಾನು ಅಂಗಳದ ತುದಿಯಲ್ಲಿ ನಿಂತು ನೋಡುವುದು. ಗದ್ದೆಯ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಅದರಾಚೆ ಗುಡ್ಡ ತೇಲುತ್ತಿರುವಂತೆ ಇತ್ತು. ನಾನು ತಿರುವಿನ ಮೇಲೇ ಕಣ್ಣು ನೆಟ್ಟಿದ್ದೆ.

"ಬಂದ್ರು ನೋಡು. ಎಷ್ಟು ಚೆಂದ ಹೊಳೀತು!" ಎಂದರು ಅತ್ತೆ.

ತಿರುವಿನಲ್ಲಿ ಏನೂ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮರಗಳ ಮರೆಯಿಂದ ಕೆಂಪು ಕಾರು ಹೊರಬಂದು ಬಿಸಿಲಿಗೆ ಮಿನುಗಿತು.

"ಅತ್ತೆ, ಕಾರು ಬಂದದ್ದು ಈಗ..."

ಅತ್ತೆ ನನ್ನ ಕೈ ಹಿಡಿದುಕೊಂಡರು. "ಅಲ್ಲಿ ಏರು ಹತ್ತುವಾಗ ಗೇರ್ ಬದಲಿಸೋಕೆ ತಡ ಮಾಡ್ತಾರೆ ಅವ್ರು, ಜೀಪಿನ ಕಾಲದಿಂದಲೂ ಹಾಗೇ. ಇಂಜಿನ್ ಒಂದ್ಸಲ ಕೆಮ್ತದೆ. ಆವಾಗ್ಲೇ ಗೊತ್ತಾಗ್ತದೆ ನಂಗೆ. ಹೊಳೆಯೋದೂ ಈಗ ಕಾಣಲ್ಲ ಕಣೇ. ಹೇಳ್ಬೇಡ ಮಾರಾಯ್ತಿ ಅವ್ರಿಗೆ."

ಕಾರು ಅಂಗಳಕ್ಕೆ ಬಂತು. ಮಾವ ಇಳಿಯುವ ಮೊದಲೇ ಕಿಟಕಿಯಿಂದ ತಲೆ ಹೊರಹಾಕಿದರು. "ಕಾಣ್ತಾ? ಯಾವ ಕಡೆ ಹೆಚ್ಚು ಹೊಳೀತು?"

"ಕೋಟಿಂಗ್ ಮಾಡಿಸಿದ ಕಡೆ" ಎಂದರು ಅತ್ತೆ.

ಮಾವ ಗೆದ್ದವರಂತೆ ನನ್ನತ್ತ ತಿರುಗಿದರು. "ನೀನು ಓದಿದವಳು. ಈಗ ಹೇಳು, ಲಾಭ ಇದೆಯಾ ಇಲ್ವಾ?"

"ಇಡೀ ಕಾರಿಗೇ ಮಾಡಿಸಿ ಮಾವ" ಎಂದೆ.

ಮಾವ ಅಂಗಿ ಬಿಚ್ಚಿ ಒರೆಸುವ ಬಟ್ಟೆ ಕೈಗೆತ್ತಿಕೊಂಡರು. ಅತ್ತೆ, ಯಾರೂ ಕೇಳದೆಯೇ, ಉಂಗುರಕ್ಕೆ ಅಂಗೈ ಚಾಚಿದರು.