ಕಡೇ ಪಂಕ್ತಿಯ ಫೋಟೊ

ಶಶಿಕುಮಾರ್ ಮಾಡಿದ ತಪ್ಪು ಇಷ್ಟೇ. ಮಗಳ ತೊಟ್ಟಿಲು ಶಾಸ್ತ್ರಕ್ಕೆ ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮೆರಾ ಕೊಳ್ಳುತ್ತೇನೆಂದು ವಠಾರದ ನಲ್ಲಿಯ ಹತ್ತಿರ ನಿಂತು ಬಾಯಿಬಿಟ್ಟ. ವಿಜಯನಗರದ ಆ ವಠಾರದಲ್ಲಿ ಕಾವೇರಿ ನೀರಿಗಿಂತ ಸುದ್ದಿಯೇ ಬೇಗ ಮನೆಮನೆ ತಲುಪುತ್ತಿತ್ತು.

ಅವನಿಗೆ ಬೇಕಿದ್ದದ್ದು ಮುಖ್ಯವಾಗಿ ಒಂದು ಫೋಟೊ. ಮಗಳನ್ನು ಎತ್ತಿಕೊಂಡು ತಾನು ನಿಂತಿರಬೇಕು, ಅಷ್ಟೇ. ಅವನ ಎಳವೆಯ ಫೋಟೊಗಳಲ್ಲಿ ಸೋದರಮಾವ, ಅತ್ತೆ, ಹಾಲಿನವನು ಕೂಡ ಇದ್ದರು. ಅಪ್ಪ ಹನುಮಯ್ಯ ಮಾತ್ರ ಒಂದರಲ್ಲೂ ಇರಲಿಲ್ಲ. ಈಗ ಅಪ್ಪನೇ ಇಲ್ಲ. ಮಗನ ಪಕ್ಕ ಒಂದು ನಿಮಿಷ ನಿಲ್ಲಲೂ ಅವರಿಗೆ ಪುರುಸೊತ್ತಿರಲಿಲ್ಲವೇ ಎಂಬ ಕೊರಗು ಶಶಿಗೆ ಹಾಗೇ ಉಳಿದಿತ್ತು.

ಶುಕ್ರವಾರ ಸಂಜೆ ಶಾಸ್ತ್ರ. ಬೆಳಿಗ್ಗೆ ಅಂಗಡಿಗೆ ಹೊರಟು ಆಟೊ ನಿಲ್ಲಿಸಿದರೆ ಎದುರುಮನೆಯ ರಿಟೈರ್ಡ್ ಗುಮಾಸ್ತ ವೆಂಕಟಸ್ವಾಮಿ, ಪಕ್ಕದ ಮನೆಯ ಇಂದ್ರಮ್ಮ ಅವನಿಗಿಂತ ಮೊದಲು ಹತ್ತಿ ಕೂತರು.

"ಒಬ್ನೇ ಹೋದ್ರೆ ಟೋಪಿ ಹಾಕ್ತಾರೆ ಕಣೋ," ಎಂದರು ವೆಂಕಟಸ್ವಾಮಿ.

ಅಂಗಡಿಯಲ್ಲಿ ಇಂದ್ರಮ್ಮ ಒಂದೊಂದೇ ಕ್ಯಾಮೆರಾವನ್ನು ತೆಂಗಿನಕಾಯಿಯಂತೆ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದರು. "ಇದು ಗಟ್ಟಿಯಾಗಿದೆ. ಇದ್ರಲ್ಲಿ ನಾವು ಬೆಳ್ಳಗೆ ಬರ್ತೀವೇನಪ್ಪಾ?"

ಸೇಲ್ಸ್‌ಮನ್ ಮೆಗಾಪಿಕ್ಸೆಲ್ ಎಂದು ಶುರು ಮಾಡುವಷ್ಟರಲ್ಲಿ ವೆಂಕಟಸ್ವಾಮಿ ತಡೆದರು. "ಅವೆಲ್ಲ ಇರ್ಲಿ, ಎಷ್ಟು ಕಮ್ಮಿ ಮಾಡ್ತೀರಾ? ಹತ್ತೂವರೆಗೆ ರಾಹುಕಾಲ. ಅಷ್ಟರೊಳಗೆ ಬಿಲ್ ಆಗ್ಬೇಕು."

ಅವರು ಎರಡು ಸಲ ಅಂಗಡಿಯ ಮೆಟ್ಟಿಲಿಳಿದು ವಾಪಸ್ ಬಂದರು. ಸೇಲ್ಸ್‌ಮನ್ ಸೋತ. "ಆಯ್ತು ಸಾರ್. ಆದ್ರೆ ಈ ರೇಟಿಗೆ ಲೆನ್ಸ್ ಬರಲ್ಲ, ಅದನ್ನ ಬೇರೆ ತಗೋಬೇಕು."

ಶಶಿ ಏನೋ ಕೇಳಲು ಹೊರಟ. ವೆಂಕಟಸ್ವಾಮಿ ಅವನ ತೋಳು ಚಿವುಟಿದರು. "ಸುಮ್ನಿರೋ. ಬೇಡದ ಸಾಮಾನೆಲ್ಲ ತಲೆಗೆ ಕಟ್ಟೋದೇ ಇವರ ಕೆಲ್ಸ. ಏನ್ ಕೊಟ್ರೂ ಬೇಡ ಅನ್ಬೇಕು."

ಶಶಿ ಬೇಡ ಎಂದ. ರಾಹುಕಾಲಕ್ಕೆ ಮೊದಲೇ ಬಿಲ್ ಆಯಿತು.

ಮನೆಯಲ್ಲಿ ತಾಯಿ ಅಂಜನಮ್ಮ ಕ್ಯಾಮೆರಾಗೆ ಕುಂಕುಮ ಇಟ್ಟು ಆರತಿ ಎತ್ತಿದರು. ಶಶಿ ಮುಂದಿನ ಮುಚ್ಚಳ ತೆಗೆದ. ಒಳಗೆ ಬರೀ ತೂತು.

"ಅಯ್ಯೋ, ಇದಕ್ಕೆ ಕಣ್ಣೇ ಇಲ್ವಲ್ಲೋ!" ಎಂದರು ಇಂದ್ರಮ್ಮ.

ವೆಂಕಟಸ್ವಾಮಿಯ ಮುಖ ಸಣ್ಣಗಾಯಿತು. ಬ್ಯಾಟರಿ ಚಾರ್ಜಿಗೆ ಹಾಕಲೂ ಸಮಯವಿಲ್ಲದೆ ಅವರೂ ಶಶಿಯೂ ಕ್ಯಾಮೆರಾ ಹೊತ್ತು ಮತ್ತೆ ಓಡಿದರು. ಆ ಅಂಗಡಿಯಲ್ಲಿ ಲೆನ್ಸ್ ಖಾಲಿ. ಬಸವೇಶ್ವರನಗರದಲ್ಲಿ ಸಿಕ್ಕಿತು. ಶುಗರ್ ಇರುವ ವೆಂಕಟಸ್ವಾಮಿ ಊಟ ಬಿಟ್ಟು ಬಿಸಿಲಲ್ಲಿ ಅಲೆದರು. ಇತ್ತ ಇಂದ್ರಮ್ಮ ತೊಟ್ಟಿಲಿಗೆ ಹೂ ಕಟ್ಟಿ, ಇಡೀ ಅಡುಗೆಯನ್ನೂ ಮುಗಿಸಿದ್ದರು. ಬೈಯಬೇಕೆಂದುಕೊಂಡಿದ್ದ ಶಶಿಗೆ ಬಾಯಿ ಬರಲಿಲ್ಲ. ಇಂಥ ಜನ ಸಿಕ್ಕಿದ್ದು ಪುಣ್ಯ ಎನ್ನಿಸಿ ಕಣ್ಣು ಒದ್ದೆಯಾಯಿತು.

ಅರ್ಧ ಗಂಟೆ ಚಾರ್ಜಾಗುವಷ್ಟರಲ್ಲಿ ನೆಂಟರು ತುಂಬಿದರು. ತೊಟ್ಟಿಲಲ್ಲಿ ಮಗು ನಗುವ ಮೊದಲ ಫೋಟೊ ಸೊಗಸಾಗಿ ಬಂತು. ಶಶಿ ಕ್ಯಾಮೆರಾವನ್ನು ವೆಂಕಟಸ್ವಾಮಿಗೆ ಚಾಚಿದ. "ಅಂಕಲ್, ನಂದೂ ಮಗೂದೂ ಒಂದು ತೆಗೀರಿ."

"ಮನೆಯೋರು ಕಡೇ ಪಂಕ್ತಿ ಕಣೋ. ಮೊದ್ಲು ಬಂದೋರದ್ದು ಆಗ್ಲಿ."

ಊಟಕ್ಕಿರುವ ಮರ್ಯಾದೆ ಫೋಟೊಗೂ ಇರಬೇಕಲ್ಲ. ಶಶಿ ಒಪ್ಪಿದ. ಇಂದ್ರಮ್ಮನ ಮೊಮ್ಮಕ್ಕಳು, ಅವರ ಬೀಗರು, ಸುಂಕದಕಟ್ಟೆಯಿಂದ ಬಂದ ಅವರ ನಾದಿನಿಯ ಹೊಸ ಸೀರೆ, ಎಲ್ಲವೂ ಆಯಿತು. ಕೊನೆಗೆ ತಲೆ ಬಾಚಿಕೊಂಡು, ಮಗಳನ್ನೆತ್ತಿ ನಿಂತ. ವೆಂಕಟಸ್ವಾಮಿ ಉಸಿರು ಬಿಗಿಹಿಡಿದು ಗುಂಡಿ ಒತ್ತಿದರು. ಮತ್ತೆ ಒತ್ತಿದರು. ಬ್ಯಾಟರಿ ಸತ್ತಿತ್ತು.

ನೆಂಟರು ಹೋದ ಮೇಲೆ ಶಶಿ ಗೋಡೆಗೊರಗಿ ಕೂತ. "ನಾಳೆ ಇವಳೂ ಕೇಳ್ತಾಳಮ್ಮಾ, ಅಪ್ಪ ಎಲ್ಲಿ ಅಂತ. ನಮ್ಮಪ್ಪಂಗಂತೂ ಪುರುಸೊತ್ತಿರ್ಲಿಲ್ಲ. ನಂಗೇನಾಗಿತ್ತು?"

ಅಂಜನಮ್ಮ ಸೊಸೆ ಜ್ಯೋತಿಲಕ್ಷ್ಮಿಯ ಕಡೆ ನೋಡಿ ನಕ್ಕರು. "ಪುರುಸೊತ್ತಿಲ್ದೆ ಏನೋ? ನಿನ್ನ ಫೋಟೊ ಎಲ್ಲಾ ತೆಗೆದಿದ್ದು ಯಾರು ಅಂದ್ಕೊಂಡಿದ್ದೀಯ? ಅವರೇ. ಸ್ನೇಹಿತರ ಕ್ಯಾಮೆರಾ ಕೇಳ್ಕೊಂಡು ತರೋರು. ಎಲ್ಲರದ್ದೂ ಆಗಿ ನಿನ್ನ ಎತ್ಕೊಂಡು ನಿಲ್ಲೋ ಹೊತ್ತಿಗೆ ಪ್ರತೀ ಸಲ ರೀಲು ಮುಗಿದೋಗೋದು."

ಶಶಿ ಎದ್ದು ಹಳೇ ಆಲ್ಬಮ್ ತೆಗೆದು ನೋಡಿದ. ಆ ಫೋಟೊಗಳಲ್ಲೆಲ್ಲ ತಾನು ಬೊಚ್ಚುಬಾಯಿ ಬಿಟ್ಟು ನಗುತ್ತಿದ್ದದ್ದು ಅಪ್ಪನನ್ನು ನೋಡಿ.